ಕಂಡಿಕೆಯನ್ನು ಕಾವಲಿಗೆ ಬಿಡುವುದಿಲ್ಲ

ಮೊಳಕಾಲ್ಮೂರು
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ತಮ್ಮ ಮಾರುತೇಶನಿಗೆ,

ಹೇಗಿದ್ದೀಯಾ? ಛತ್ತೀಸಗಡದ ಕಡೆ ಆಗಲೇ ಚಳಿ ಶುರುವಾಗಿದೆಯಂತೆ, ಬೋರ್‌ವೆಲ್ ಲಾರಿಯ ಮೇಲೆ ಹೊದಿಕೆ ಇಲ್ಲದೆ ಮಲಗಬೇಡ. ಕೆಮ್ಮು ಹೋಯಿತಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಸರಿ, ಕೇಳಬೇಕಾದದ್ದನ್ನೆಲ್ಲ ಕೇಳಿದ್ದಾಯಿತು. ಇನ್ನು ಬೈಯಲು ಶುರು ಮಾಡುತ್ತೇನೆ. ಫೋನಿನಲ್ಲಿ ಬೈದರೆ "ಸಿಗ್ನಲ್ ಇಲ್ಲಕ್ಕಾ" ಅಂತ ಕಟ್ ಮಾಡುತ್ತೀಯಾ. ಸೋಮವಾರದಿಂದ ನಾಲ್ಕು ಸಲ ಕಟ್ ಮಾಡಿದ್ದೀಯಾ. ಕಾಗದವನ್ನು ಹೇಗೆ ಕಟ್ ಮಾಡುತ್ತೀಯೋ ನಾನೂ ನೋಡುತ್ತೇನೆ. ರಜೆ ಮುಗಿಸಿ ಇವತ್ತು ಸಂಜೆ ನಿಮ್ಮ ಕ್ಯಾಂಪಿಗೆ ಹೊರಟಿರುವ ಕೊಂಡ್ಲಹಳ್ಳಿಯ ಹೊನ್ನೂರಸ್ವಾಮಿಯ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನಿನ್ನ ಜೀವದ ಗೆಳೆಯ ಅಂಜಿನೇಯ ನಿನ್ನೆ ಬೆಳಿಗ್ಗೆ ಬೈಕ್ ಹಾಕಿಕೊಂಡು ಬಂದಿದ್ದ. ಕಂಕುಳಲ್ಲಿ ಒಂದು ಗೋಣಿಚೀಲ, ಜೇಬಿನಲ್ಲಿ ಅದರ ಬಾಯಿ ಕಟ್ಟಲು ಹುರಿ. "ಅಕ್ಕಾ, ಬೆಕ್ಕು ಎಲ್ಲೈತೆ? ಮಾರುತೇಶ ಹೇಳ್ಯಾನೆ, ಉಳ್ಳಾರ್ತಿ ಕಾವಲ್‌ನಾಗೆ ಬಿಟ್ಟು ಬರ್ತೀನಿ" ಅಂದ. ಹಾಲು ತರಲು ಹೊರಟವನ ಹಾಗೆ ಹೇಳಿದ ನೋಡು, ನನಗೆ ಮೈಯೆಲ್ಲ ಉರಿದು ಹೋಯಿತು. "ಲೇ, ಆ ಚೀಲದಾಗೆ ನಿನ್ನೇ ತುಂಬಿ ಕಳಿಸ್ತೀನಿ, ನಡಿ ಆಚೆಗೆ" ಅಂದೆ. ಚೀಲ ಇಲ್ಲೇ ಬಿಟ್ಟು ಓಡಿದ. ಅದನ್ನು ನಾನು ಒಳ್ಳೆಯ ಕೆಲಸಕ್ಕೇ ಬಳಸಿಕೊಂಡಿದ್ದೇನೆ, ಮುಂದೆ ಬರೆಯುತ್ತೇನೆ. ಆದರೆ ಮಾರುತೇಶ, ನಿನಗೆ ನಾಚಿಕೆ ಆಗಲಿಲ್ಲವಾ? ಉಳ್ಳಾರ್ತಿ ಕಾವಲು ಎಂದರೆ ಏನು ಅಂತ ನಿನಗೆ ಗೊತ್ತಿಲ್ಲವಾ? ಕಣ್ಣು ಹಾಯುವಷ್ಟು ದೂರ ಹುಲ್ಲು, ನರಿ, ತೋಳ, ಕುರಿಯವರ ನಾಯಿಗಳು. ಹಿಂಗಾಲು ಎತ್ತಿಡಲು ಆಗದ ಬೆಕ್ಕು ಅಲ್ಲಿ ಒಂದು ಹಗಲು ಉಳಿಯುತ್ತದಾ? ಬಿಟ್ಟು ಬರುವುದು ಅಂತ ನುಣ್ಣಗೆ ಹೇಳಬೇಡ. ಸಾಯಿಸಿ ಬಾ ಅಂತ ಬಾಯಿಬಿಟ್ಟು ಹೇಳು. ಇಪ್ಪತ್ನಾಲ್ಕನೇ ತಾರೀಖು ಚಳ್ಳಕೆರೆಯಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆ, ಅಷ್ಟರೊಳಗೆ ಬೆಕ್ಕು ಮನೆಯಲ್ಲಿ ಇರಕೂಡದು, ಮನೆ ನಾರಕೂಡದು ಅಂತ ಅಪ್ಪಣೆ ಕೊಡಿಸಿದ್ದೀಯಲ್ಲ, ಎಲ್ಲಿಂದ ಬಂತಪ್ಪ ನಿನಗೆ ಈ ದೊಡ್ಡಸ್ತಿಕೆ?

ಈ ಬೆಕ್ಕನ್ನು ತಂದವನು ಯಾರು? ಹದಿನೈದು ವರ್ಷದ ಹಿಂದೆ ಕೊಂಡ್ಲಹಳ್ಳಿಯ ದೊಡ್ಡಮ್ಮನ ಮನೆಯಿಂದ ಅಂಗಿಯೊಳಗೆ ಬಚ್ಚಿಟ್ಟುಕೊಂಡು ಬಸ್ಸಿನಲ್ಲಿ ತಂದವನು ನೀನು. ಹೊಟ್ಟೆಯ ಮೇಲೆಲ್ಲ ಪರಚಿಸಿಕೊಂಡು ರಕ್ತ ಬರುತ್ತಿದ್ದರೂ ಹಲ್ಲು ಕಿರಿಯುತ್ತಾ ನಿಂತಿದ್ದೆ. ನಾನು ನೂಲು ಸುತ್ತಿಟ್ಟ ಕಂಡಿಕೆಗಳನ್ನು ಒಂದೊಂದೇ ಕಚ್ಚಿಕೊಂಡು ಓಡುತ್ತದೆ ಅಂತ ಕಂಡಿಕೆ ಎಂದು ಹೆಸರಿಟ್ಟವನೂ ನೀನೇ. ಅದು ಬಂದ ಮೇಲೆ ನಮ್ಮ ಮಗ್ಗದ ರೇಷ್ಮೆಗೆ ಇಲಿ ಬಾಯಿ ಹಾಕಲಿಲ್ಲ. ಅವ್ವ ಸೀರೆ ನೇಯುತ್ತಿದ್ದ ಕಾಲದಲ್ಲಿ ಮಗ್ಗದ ಗುಂಡಿಯೊಳಗೆ ಅವಳ ಪಾದದ ಪಕ್ಕದಲ್ಲೇ ಮಲಗಿರುತ್ತಿತ್ತು. ಈಗ ಮುದಿಯಾಯಿತು, ಸೊಂಟ ಬಿಗಿಯಿತು, ನಿನಗೆ ನಾತ ಹೊಡೆಯಿತು ಅಲ್ಲವಾ?

ನಾತ ಯಾಕೆ ಬಂತು ಅಂತ ಒಂದು ದಿನವಾದರೂ ಯೋಚನೆ ಮಾಡಿದ್ದೀಯಾ? ಕಂಡಿಕೆ ತನ್ನ ಜನ್ಮದಲ್ಲಿ ಮನೆಯೊಳಗೆ ಗಲೀಜು ಮಾಡಿದ್ದಲ್ಲ. ಹಿತ್ತಲಿಗೆ ಹೋಗಿ ಮಣ್ಣು ಕೆರೆದು ಮುಚ್ಚಿ ಬರುತ್ತಿತ್ತು. ನೀನು ಯುಗಾದಿಗೆ ಬಂದವನು ಮನೆ ಚೆಂದ ಮಾಡುತ್ತೇನೆ ಅಂತ ಹೊರಟೆ. ನಡುಮನೆಗೆಲ್ಲ ಹೊಳೆಯುವ ಟೈಲ್ಸ್ ಹಾಕಿಸಿದೆ, ಹಿತ್ತಲಿಗೆ ಒಂದು ಹಿಡಿ ಮಣ್ಣು ಕಾಣದ ಹಾಗೆ ಕಾಂಕ್ರೀಟ್ ಸುರಿಸಿದೆ. ಓಣಿಯವರೆಲ್ಲ ಬಂದು ಹೊಗಳಿದರು, ನಾನೂ ಹೊಗಳಿದೆ, ಸುಳ್ಳು ಯಾಕೆ ಹೇಳಲಿ. ಆ ನೆಲದ ಮೇಲೆ ಬೆಕ್ಕಿಗೆ ಕಾಲು ನಿಲ್ಲುವುದಿಲ್ಲ. ಹಿಂಗಾಲು ಎರಡೂ ಪಕ್ಕಕ್ಕೆ ಜಾರಿ ಹೊಟ್ಟೆ ಮೇಲೆ ಬೀಳುತ್ತದೆ. ಹೇಗೋ ತೆವಳಿಕೊಂಡು ಹಿತ್ತಲು ಸೇರಿದರೆ ಅಲ್ಲಿ ಸಿಮೆಂಟು. ಇಡೀ ಮನೆಯಲ್ಲಿ ಮಣ್ಣು ಉಳಿದಿರುವುದು ಒಂದೇ ಜಾಗದಲ್ಲಿ, ನನ್ನ ಮಗ್ಗದ ಗುಂಡಿಯಲ್ಲಿ. ಬೆಕ್ಕಿಗೆ ಬುದ್ಧಿ ಇದೆ, ಅಲ್ಲಿಗೇ ಹೋಯಿತು. ದಸರೆ ಕಳೆದ ಮೇಲೆ ಒಂದು ದಿನ ನೇಯಲು ಕೂತು ಗುಂಡಿಗೆ ಕಾಲು ಇಳಿಬಿಟ್ಟೆ, ಪಾದ ಹಸಿಹಸಿ. ಬಾಯಿಗೆ ಬಂದ ಹಾಗೆ ಬೈದೆ. ಅದು ನನ್ನ ಮುಖ ನೋಡಿ ಮೂಲೆಗೆ ಸರಿದುಕೊಂಡಿತು. ಆಮೇಲೆ ನಾನೇ ಹೋಗಿ ಅದನ್ನು ಎತ್ತಿಕೊಂಡು ಬಂದೆ.

ಅವತ್ತಿನಿಂದ ನಾನು ಪಟ್ಟ ಪಾಡು ನಿನಗೆ ಗೊತ್ತಾಗಲಿ. ಮೊದಲು ಒಂದು ಪ್ಲಾಸ್ಟಿಕ್ ಟಬ್ಬಿಗೆ ಚಳ್ಳಕೆರೆಯ ಎಣ್ಣೆ ಮಿಲ್ಲಿನಿಂದ ತರಿಸಿದ ಶೇಂಗಾ ಸಿಪ್ಪೆ ತುಂಬಿಟ್ಟೆ. ಅಂಚು ಎತ್ತರ, ಅದಕ್ಕೆ ಕಾಲು ಎತ್ತಿಡಲು ಆಗಲಿಲ್ಲ. ನಾನೇ ಎತ್ತಿ ಒಳಗಿಟ್ಟರೆ ಸಿಪ್ಪೆ ಪಾದಕ್ಕೆ ಚುಚ್ಚಿತು, ಕಿರುಚಿಕೊಂಡು ಹೊರಗೆ ಬಿತ್ತು. ಆಚೆಮನೆಯ ಮುದ್ದಕ್ಕ ಬಂದು ನೋಡಿ "ಪಾಪಮು, ಮುಸಲಿದಿ ಕದಾ" ಅಂದಳು. ಮುದುಕಿ ಅಂತ ತೆಲುಗಿನಲ್ಲಿ ಹೇಳಿದ್ದು ಬೆಕ್ಕಿಗೋ ನನಗೋ, ದೇವರೇ ಬಲ್ಲ. ಆದರೆ ಉಪಾಯ ಹೇಳಿಕೊಟ್ಟವಳು ಅವಳೇ. ಕುಡುಗೋಲು ಕಾಯಿಸಿ ಟಬ್ಬಿನ ಒಂದು ಪಕ್ಕವನ್ನು ನೆಲದಿಂದ ಎರಡು ಬೆರಳಷ್ಟು ಬಿಟ್ಟು ಕೊಯ್ದೆವು. ಕೊಯ್ದ ಅಂಚು ಮೈಗೆ ತರಚದ ಹಾಗೆ ಹಳೆ ಬಟ್ಟೆ ಸುತ್ತಿ ಹೊಲಿದೆ. ಹಳ್ಳದ ಮರಳನ್ನು ಜರಡಿ ಹಿಡಿದು, ಕಾಲು ಹುಗಿಯದ ಹಾಗೆ ತೆಳ್ಳಗೆ ಹಾಸಿದೆ. ಅದರ ಮೇಲೆ ಒಂದು ಬೊಗಸೆ ಗುಂಡಿಯ ಮಣ್ಣು ಚೆಲ್ಲಿದೆ, ತನ್ನದೇ ಜಾಗ ಅಂತ ವಾಸನೆ ಹತ್ತಲಿ ಎಂದು. ಅದು ಮಲಗುವ ಜಾಗದಿಂದ ನಾಲ್ಕೇ ಹೆಜ್ಜೆ ದೂರದಲ್ಲಿಟ್ಟೆ. ಆ ನಾಲ್ಕು ಹೆಜ್ಜೆಗೂ ಟೈಲ್ಸ್ ಜಾರುತ್ತದಲ್ಲ, ಅಲ್ಲಿ ಹಾಸಿರುವುದು ನಿನ್ನ ಅಂಜಿನೇಯ ಬಿಟ್ಟು ಓಡಿದ ಚೀಲ. ತಿಂದ ಮೇಲೆ ಒಂದು ಸಲ, ಎದ್ದ ಮೇಲೆ ಒಂದು ಸಲ ನಾನೇ ಅದರ ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಹಿಂಭಾಗವನ್ನು ಹಗುರಾಗಿ ಎತ್ತಿ ಹಿಡಿಯುತ್ತೇನೆ. ಮಾಡಿ ಮುಗಿಸಿದ ಮೇಲೆ ಮುಂಗಾಲಿನಲ್ಲಿ ಎರಡು ಸಲ ಮರಳು ಕೆರೆಯುತ್ತದೆ, ಮುಚ್ಚಿದೆ ಅಂತ ಅದರ ಲೆಕ್ಕ. ಉಳಿದದ್ದನ್ನು ನಾನು ಮುಚ್ಚುತ್ತೇನೆ. ಪ್ರತಿದಿನ ಮರಳು ಬದಲಾಯಿಸುತ್ತೇನೆ. ದೀಪಾವಳಿಯಿಂದ ಈಚೆಗೆ ಮಗ್ಗದ ಗುಂಡಿ ಒಣಗಿಯೇ ಇದೆ.

ಸೋಮವಾರ ಪಶು ಆಸ್ಪತ್ರೆಗೂ ಒಯ್ದು ತೋರಿಸಿದೆ. ಕೀಲು ಸವೆದಿದೆ, ಮನುಷ್ಯರ ನೋವಿನ ಮಾತ್ರೆ ಮಾತ್ರ ಯಾವತ್ತೂ ಕೊಡಬೇಡಿ, ಜೀವಕ್ಕೇ ಅಪಾಯ ಅಂತ ಡಾಕ್ಟರು ಹೇಳಿದರು. ಬೇರೆ ಔಷಧಿ ಬರೆದಿದ್ದಾರೆ. ಗದರಿಸಬೇಡಿ, ಗದರಿಸಿದರೆ ಹೆದರಿ ಇನ್ನಷ್ಟು ತಡೆದುಕೊಳ್ಳುತ್ತದೆ, ಆಮೇಲೆ ತಡೆಯಲಾರದೆ ಎಲ್ಲೆಂದರಲ್ಲಿ ಬಿಡುತ್ತದೆ ಅಂದರು. ಆ ಮಾತು ನನ್ನ ತಲೆಯಲ್ಲಿ ಹಾಗೇ ಕೂತಿದೆ.

ಅದೇ ಸೋಮವಾರ ಮಗ್ಗದ ಪಕ್ಕ ಇಟ್ಟಿದ್ದ ಕೆಂಪು ರೇಷ್ಮೆಯ ಕಟ್ಟು ನೆನೆದದ್ದು ನಿಜ. ಬಣ್ಣ ಬಿಟ್ಟುಕೊಂಡು ಹಾಳಾಗಿದ್ದೂ ನಿಜ, ನಾನೇ ಕೈಯಾರೆ ಹಿಂಡಿದ್ದೇನೆ. ಅವ್ವ ನಿನಗೆ ಫೋನ್ ಮಾಡಿ ಬೆಕ್ಕಿನ ಮೇಲೆ ದೂರು ಹೇಳಿದಳು. ನೀನು ಯಾರಿಗೆ ಏನಾಗಿದೆ ಅಂತ ಒಂದು ಮಾತು ಕೇಳಲಿಲ್ಲ. "ಸಾಕಾಗೈತೆ, ಅದನ್ನ ಕಳಿಸಿಬಿಡ್ರಿ" ಅಂದೆ, ಫೋನ್ ಇಟ್ಟೆ, ಅಂಜಿನೇಯನಿಗೆ ಹೇಳಿದೆ. ನಿನ್ನ ಕೆಲಸ ಮುಗಿಯಿತು. ಕೇಳು, ಬರುವ ಹುಡುಗಿ ಬೆಕ್ಕು ಇದೆ ಅಂತ ಬೇಡ ಅನ್ನುವಂಥವಳಾದರೆ ಬೇಡ ಅನ್ನಲಿ. ಕಂಡಿಕೆ ನಡುಮನೆಯಲ್ಲೇ ಇರುತ್ತದೆ, ಅದರ ಟಬ್ಬೂ ಅಲ್ಲೇ ಇರುತ್ತದೆ. ಯಾಕೆ ಅಂತ ಕೇಳಿದರೆ ನಾನೇ ಹೇಳುತ್ತೇನೆ, ನನಗೇನೂ ಸಂಕೋಚವಿಲ್ಲ. ನನ್ನ ಕೈಯಲ್ಲಿ ಆಗುವ ತನಕ ಅದನ್ನು ಈ ಹೊಸ್ತಿಲು ದಾಟಿಸಲು ಯಾರಿಂದಲೂ ಆಗುವುದಿಲ್ಲ. ನೀನು ಬಂದರೂ ಅಷ್ಟೇ.

ಬೈದು ಬೈದು ಕೈ ನೋಯುತ್ತಿದೆ. ಅಕ್ಕನಾಗಿ ಹುಟ್ಟಿದ ತಪ್ಪಿಗೆ ಹರಸಿಯೇ ಮುಗಿಸಬೇಕು. ಆ ಯಂತ್ರದ ಹತ್ತಿರ ಹುಷಾರಾಗಿ ಕೆಲಸ ಮಾಡು, ನೂರು ವರ್ಷ ಬಾಳು, ಸ್ವಲ್ಪ ಬುದ್ಧಿಯೂ ಬರಲಿ. ಮುದ್ದಕ್ಕ ನಿನ್ನನ್ನು ಕೇಳಿದಳು. ಕಂಡಿಕೆ ಕೇಳಲಿಲ್ಲ.

ಇಂತಿ ನಿನ್ನ ಅಕ್ಕ,
ಜ್ಯೋತಿಲಕ್ಷ್ಮಿ

ವಿ.ಸೂ.: ಹೊನ್ನೂರಸ್ವಾಮಿ ಬಾಗಿಲಲ್ಲಿ ನಿಂತು "ಬಸ್ ಹೋಗ್ತೈತಕ್ಕಾ" ಅನ್ನುತ್ತಿದ್ದಾನೆ. ಇದನ್ನು ಬರೆಯಬಾರದು ಅಂತಿದ್ದೆ, ಆಗುತ್ತಿಲ್ಲ. ಒಬ್ಬನೇ ಇರುವಾಗ ಓದು. ಸೋಮವಾರ ರೇಷ್ಮೆ ನೆನೆಸಿದ್ದು ಕಂಡಿಕೆ ಅಲ್ಲ. ಆ ಹೊತ್ತಿನಲ್ಲಿ ಅದು ಆಸ್ಪತ್ರೆಯಲ್ಲಿ ನನ್ನ ಜೊತೆಗಿತ್ತು. ನಾನು ಮುಚ್ಚಿದ ಬುಟ್ಟಿ ಹಿಡಿದು ಒಳಗೆ ಬಂದಾಗ ಅವ್ವ ಗೋಡೆ ಹಿಡಿದು ನಿಂತಿದ್ದಳು, ಸೀರೆಯ ಕೆಳಗೆಲ್ಲ ಒದ್ದೆ. "ನೋಡೇ, ನಿನ್ ಬೆಕ್ಕು ಈಗಷ್ಟೇ ಮಾಡಿದ್ದು" ಅಂದಳು. ಬೆಕ್ಕು ನನ್ನ ಬುಟ್ಟಿಯಲ್ಲೇ ಇತ್ತು, ನಾನು ಮುಚ್ಚಳ ತೆಗೆಯಲಿಲ್ಲ. ನೀನು ಎತ್ತರಿಸಿ ಕಟ್ಟಿಸಿದ ಕಕ್ಕಸಿನ ಮೂರು ಮೆಟ್ಟಿಲು ಹತ್ತಲು ಅವಳಿಗೆ ಮಂಡಿ ಏಳುತ್ತಿಲ್ಲ ಕಣೋ. ಅದಕ್ಕೇ ದಿನಾ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ, ನಾನು ಈಗ ಗಮನಿಸುತ್ತಿದ್ದೇನೆ. ಅವಳನ್ನು ಏನೂ ಕೇಳಬೇಡ, ನಾಚಿಕೆಯಿಂದ ಸತ್ತೇ ಹೋಗುತ್ತಾಳೆ. ಇಪ್ಪತ್ನಾಲ್ಕಕ್ಕೆ ನಾಲ್ಕು ದಿನ ಮುಂಚೆ ಬಂದು ಆ ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸು. ಮನೆ ನಾರಕೂಡದು ಅಂದೆಯಲ್ಲ, ಈಗ ಹೇಳು, ಯಾರನ್ನು ಕಾವಲಿಗೆ ಬಿಟ್ಟು ಬರಲಿ?