ಹೋಳಿಗೆ ಡಬ್ಬಿ ಮತ್ತು ನಾಲ್ಕನೇ ಸಿಲಿಂಡರ್

ನಮ್ಮ ಮನೆಯಾಕೆ ಕಸ್ತೂರಿಗೆ,

ಆ ಓವನ್ ನೀನು ಕೊಂಡದ್ದು ಕೇಕ್ ಕಲಿಯಬೇಕೆಂದು. ಕಲಿಯುವ ಮೊದಲೇ ನಾನು ಅದರೊಳಗೆ ವಿಮಾನದ ಇಂಜಿನ್ನಿನ ಸಿಲಿಂಡರ್ ಹೆಡ್ ಇಟ್ಟುಬಿಟ್ಟೆ. "ಯಾಕ್ರೀ, ಮಧ್ಯಾಹ್ನ ಊಟಕ್ಕೂ ಇದನ್ನೇ ಬಡಸ್ಲೇನು?" ಎಂದು ಸೊಂಟದ ಮೇಲೆ ಕೈಯಿಟ್ಟು ಕೇಳಿದ್ದೆಯಲ್ಲ, ನೆನಪಿದೆಯಾ? ಅಲ್ಲಿ ನೆನಪುಗಳು ಇರುತ್ತವೋ ಇಲ್ಲವೋ, ಯಾರಿಗೆ ಗೊತ್ತು...

ನಾಸಿಕದ ಕಾರ್ಖಾನೆಯಿಂದ ನಿವೃತ್ತನಾಗಿ ಸಂಭಾಜಿನಗರಕ್ಕೆ ಬಂದಾಗ, ಇನ್ನಾದರೂ ಈತ ಸುಮ್ಮನೆ ಕೂಡುತ್ತಾನೆ ಎಂದುಕೊಂಡಿದ್ದೆ ನೀನು. ಅಷ್ಟರಲ್ಲಿ, ಕಾರ್ಖಾನೆಯಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತಿದ್ದ ಮಿಲಿಂದ ಬಂದ. ಊರಾಚೆ ಶೇಂದ್ರಾದ ನನ್ನ ಶೆಡ್ಡಿನಲ್ಲಿ ಸಣ್ಣ ವಿಮಾನಕ್ಕೆ ನಮ್ಮದೇ ರೇಡಿಯಲ್ ಇಂಜಿನ್ ಮಾಡೋಣ ಬನ್ನಿ ಕಾಕಾ, ಎಂದ. ನಡುವೆ ಒಂದು ಕ್ರ್ಯಾಂಕು, ಅದರ ಸುತ್ತ ಗಾಲಿಯ ಕಡ್ಡಿಗಳ ಹಾಗೆ ಏಳು ಸಿಲಿಂಡರು. ನಿಂತಾಗ ಎಣ್ಣೆಯೆಲ್ಲ ಕೆಳಗಿನ ಎರಡಕ್ಕೆ ಇಳಿಯುತ್ತದೆ, ಅದಕ್ಕೇ ಶುರು ಮಾಡುವ ಮೊದಲು ಮುಂದಿನ ಪ್ರೊಪೆಲರ್ ಫ್ಯಾನನ್ನು ಕೈಯಿಂದ ತಿರುಗಿಸಬೇಕು ಎಂದು ನಿನಗೆ ವಿವರಿಸಿದ್ದೆ. ನೀನು ನಕ್ಕುಬಿಟ್ಟೆ. "ಥೇಟ್ ನಿಮ್ಮ ತಮ್ಮಂದಿರು ನೋಡ್ರಿ. ಕೆಳಗ ಕುಂತು ಕುಡಿಯೂದೇ ಕೆಲಸ. ಕೈ ಹಿಡದು ಎಬ್ಬಸ್ಬೇಕು." ಅಂದಿನಿಂದ ಶೆಡ್ಡಿನಲ್ಲಿ ನಾಲ್ಕು ಮತ್ತು ಐದನೇ ನಂಬರಿನ ಹೆಸರೇ ತಮ್ಮಂದಿರು ಎಂದಾಯಿತು.

ಶೆಡ್ಡಿನಲ್ಲಿ ಆಗ ಓವನ್ನೂ ಇರಲಿಲ್ಲ, ಫ್ರಿಜ್ಜೂ ಇರಲಿಲ್ಲ. ಹೆಡ್ಡಿನೊಳಗೆ ವಾಲ್ವ್ ಕೂಡುವ ಉಕ್ಕಿನ ಉಂಗುರವನ್ನು ಬಿಗಿಯಾಗಿ ಕೂಡಿಸಬೇಕು. ಹೆಡ್ ಕಾದು ಹಿಗ್ಗಬೇಕು, ಉಂಗುರ ತಣ್ಣಗಾಗಿ ಕುಗ್ಗಬೇಕು. "ಮೆಟಲ್ಸ್ ಎಕ್ಸ್‌ಪ್ಯಾಂಡ್ ವೆನ್ ಹೀಟೆಡ್ ಅಂಡ್..." ಎಂದು ನಾನು ಗುಲಬರ್ಗಾ ಕಾಲೇಜಿನ ಇಂಗ್ಲಿಷ್ ತೆಗೆದರೆ ಮುಂದಿನದು ಬಾಯಿಗೆ ಬರುತ್ತಿರಲಿಲ್ಲ. "ಅಂಡ್ ಕಸ್ತೂರಿ, ಉಂಗುರ ತಾ. ಅಷ್ಟೇ ಅಲ್ಲೇನ್ರಿ?" ಎನ್ನುತ್ತಿದ್ದೆ ನೀನು. ನಾನು ಓವನ್ನಿನಿಂದ ಹೆಡ್ ಎತ್ತುತ್ತಿದ್ದಂತೆ ನೀನು ಫ್ರೀಜರಿನಿಂದ ಉಂಗುರ ಹಿಡಿದು ಓಡಿ ಬರುತ್ತಿದ್ದೆ. ಟಕ್! "ಬಿತ್ತ್ ನೋಡ್ರಿ!" ಏಳೂ ಹೆಡ್ಡುಗಳು ನಿನ್ನ ಅಡುಗೆಮನೆಯಲ್ಲೇ ಆದವು.

ನೀನು ಹೋದಮೇಲೆ ಸ್ಟ್ಯಾಂಡಿನ ಮೇಲೆ ಇಂಜಿನ್ ಓಡಿಸಿದಾಗ ನಾಲ್ಕನೆಯದರ ಉಂಗುರ ಸಡಿಲಾಯಿತು. ಇನ್ನೂ ಬಿಗಿಯಾದದ್ದು ಹಾಕಬೇಕು, ಇನ್ನೂ ತಣ್ಣಗೆ ಮಾಡಬೇಕು. ಫ್ರೀಜರಿನ ಹಿಂಗೋಡೆಗೆ ತಾಗಿಸಿ ಇಡಬೇಕು. ಅಲ್ಲಿ ಏನಿತ್ತು ಹೇಳು? ಎಳ್ಳಮಾವಾಸ್ಯೆಗೆ ನೀನು ಮಾಡಿ, ಮಗಳು ಶೋಭಾ ನಾಸಿಕದಿಂದ ಬಂದಾಗ ಕೊಡಬೇಕೆಂದು ಎತ್ತಿಟ್ಟ ಶೇಂಗಾ ಹೋಳಿಗೆಯ ಡಬ್ಬಿ. ಅವಳು ಬರುವಷ್ಟರಲ್ಲಿ ನೀನು ಆಸ್ಪತ್ರೆ ಸೇರಿದ್ದೆ. ಆಮೇಲೆ ಡಬ್ಬಿಯ ಮೇಲೆಲ್ಲ ಹಿಮ ಬೆಳೆದು ಗೋಡೆಗೆ ಹತ್ತಿಕೊಂಡಿತು. ನಿನ್ನ ಕೈಯದು ಎಂದು ಮನೆಯಲ್ಲಿ ಉಳಿದದ್ದು ಅದೊಂದೇ. ಫ್ರಿಜ್ ಆರಿಸಿ ಹಿಮ ಕರಗಿಸದೆ ಅದು ಬರುವಂತಿರಲಿಲ್ಲ. ಇವತ್ತು ಬೇಡ, ನಾಳೆ ಎನ್ನುತ್ತ ಹೋದೆ. ಶೆಡ್ಡಿನಲ್ಲಿ ಇಂಜಿನ್ ಆರೇ ಸಿಲಿಂಡರಿನಿಂದ ಹಲ್ಲು ಬಿದ್ದ ಬಾಯಿಯಂತೆ ನಿಂತಿತ್ತು. "ಕಾಕಾ, ಬಾಹೇರೂನ್ ಕರೂನ್ ಘೇಊ ಕಾ?" ಎಂದ ಮಿಲಿಂದ. ಹೊರಗೆ ಮಾಡಿಸುವುದೇ? ಉಳಿದ ಆರರ ಉಂಗುರಗಳು ನಿನ್ನೆದುರೇ ಕೂತವು, ಇದೊಂದನ್ನು...

ಶೋಭಾ ಬಂದಳು. ಫ್ರೀಜರ್ ತೆರೆದು ನೋಡಿದಳು, ನನ್ನನ್ನು ನೋಡಿದಳು.

"ಬಾಬಾ, ಹೋಳಗಿ ನಂದು ಅಲ್ಲಾ? ಆಯೀ ನನಗ್ ಇಟ್ಟಿದ್ಳಲ್ಲಾ?"

"ಹೌದವಾ, ನಿಂದೇ."

"ಮಗ್ ನಾ ತಗೀತೀನಿ. ನೀವು ತಿಕಡೆ ಹೋಗಿ ಬಸಾ."

ಅವಳ ಮರಾಠಿ ಬೆರೆತ ಕನ್ನಡ ಕೇಳಿ ನೀನು ಎಷ್ಟು ಬಯ್ಯುತ್ತಿದ್ದೆ! ಅವಳೇ ಸ್ವಿಚ್ ಆರಿಸಿದಳು. ನಾನು ಅವಳು ಹೇಳಿದಂತೆ ಆಚೆ ಬಾಲ್ಕನಿಯಲ್ಲಿ ಕೂತು ನೀರು ತೊಟ್ಟಿಕ್ಕುವುದನ್ನು ಕೇಳುತ್ತಿದ್ದೆ. ಮರುದಿನ ಫ್ರೀಜರಿನಿಂದ ಉಂಗುರ ತಂದವಳೂ ಅವಳೇ. ಟಕ್ ಎಂದಿತು. ಅಲ್ಲಿ ಹೇಳಬೇಕಾದ ಮಾತು ನಿನ್ನದಾಗಿತ್ತು.

ಹೆಡ್ಡನ್ನು ಇಂಜಿನ್ನಿಗೆ ಜೋಡಿಸಿದ ಮೇಲೆ ಶೆಡ್ಡಿನಲ್ಲಿ ನಾನೇ ಫ್ಯಾನ್ ತಿರುಗಿಸಿ ತಮ್ಮಂದಿರನ್ನು ಎಬ್ಬಿಸಿದೆ. ಮೊದಲು ನೀಲಿ ಹೊಗೆ, ಕೆಮ್ಮು, ಆಮೇಲೆ ಏಳೂ ಒಟ್ಟಿಗೆ. ನೆಲ ನಡುಗಿತು, ಕಸ್ತೂರಿ. ಮಿಲಿಂದ ಚಿಕ್ಕ ಹುಡುಗನ ಹಾಗೆ ಕುಣಿದ. ನಿಲ್ಲಿಸಿದ ಮೇಲೆ ಶೋಭಾ ಚೀಲದಿಂದ ಆ ಡಬ್ಬಿ ತೆಗೆದಳು. ಹೋಳಿಗೆಗಳನ್ನು ಫಾಯಿಲ್ಲಿನಲ್ಲಿ ಸುತ್ತಿ, ಆರುತ್ತಿದ್ದ ನಾಲ್ಕನೇ ಹೆಡ್ಡಿನ ಮೇಲಿಟ್ಟು ಬೆಚ್ಚಗೆ ಮಾಡಿದಳು. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ.

ನಿನಗೆ ಸುಳ್ಳು ಹೇಳಲಾರೆ. ರುಚಿ ಹೋಗಿತ್ತು. ಫ್ರಿಜ್ಜಿನ ವಾಸನೆ ಕೂತಿತ್ತು. ಆದರೂ ಶೆಡ್ಡಿನವರೆಲ್ಲ "ಏಕ್‌ದಮ್ ಛಾನ್" ಎಂದು ಹೊಗಳುತ್ತ ತಿಂದರು. ಶೋಭಾ ಮಾತ್ರ ನನ್ನ ಮುಖ ನೋಡಿ, ಇನ್ನೊಂದು ತೆಗೆದುಕೊಂಡು, ನಿಧಾನವಾಗಿ ಪೂರ್ತಿ ತಿಂದಳು. ಡಬ್ಬಿಯನ್ನು ಮನೆಗೆ ತಂದು ನಾನೇ ತೊಳೆದಿಟ್ಟಿದ್ದೇನೆ.

ಇವತ್ತು ಹೆಡ್ ಬಿಚ್ಚಿ ನೋಡಿದೆವು. ಉಂಗುರ ಕೂದಲೆಳೆಯಷ್ಟೂ ಅಲುಗಿಲ್ಲ. ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ, ನಿನಗೆ ಹೇಳಬೇಕೆಂದು ಅಡುಗೆಮನೆಯ ತನಕ ಹೋದೆ.

ಆಮೇಲೆ ಚಪ್ಪಲಿ ಬಿಟ್ಟು, ಇದನ್ನು ಬರೆಯಲು ಕೂತೆ.