ಬೂದಿ ಹತ್ತಿದ ಅಲಸಂದಿ

ಮಿಶ್ರಿಕೋಟಿ
೨೨ ಮೇ ೨೦೨೫, ಗುರುವಾರ

ನನ್ನ ಮುದ್ದು ತಬಸುಮ್,

ಫೋನಿನಲ್ಲಿ ಹೇಳಿದರೆ ಇಡೀ ಮನೆಗೆ ಕೇಳಿಸುತ್ತದೆ, ಅದಕ್ಕೇ ಈ ಕಾಗದ. ಮದುವೆಯಾಗಿ ನಲವತ್ತೊಂದು ದಿನ. ನಿನ್ನೆ ಸಂಜೆ ನಾನು ಚಿಲಿ ಮಾಡಿದೆ ಕಣೇ! ಹುಬ್ಬಳ್ಳಿಯ ಹಾಸ್ಟೆಲ್ಲಿನಲ್ಲಿ ನಾವಿಬ್ಬರೂ ಕದ್ದುಮುಚ್ಚಿ ಮಾಡುತ್ತಿದ್ದೆವಲ್ಲ, ಕಾಳು, ಟೊಮೆಟೊ, ಖಾರ ಹಾಕಿ ಗಟ್ಟಿಯಾಗಿ ಕುದಿಸಿದ್ದು, ಅದೇ!

ಇಲ್ಲಿ ಒಲೆ ಅತ್ತೆಯದು. ನಾನು ಸೊಪ್ಪು ಸೋಸಬಹುದು, ಬೆಳ್ಳುಳ್ಳಿ ಸುಲಿಯಬಹುದು, ಅಷ್ಟೇ. ವಾರಕ್ಕೆ ಒಂದು ಸಂಜೆಯಾದರೂ ನನಗೆ ಬಿಡಿ ಎಂದು ಗೋಗರೆದಾಗ ಶಾರದವ್ವ ಅತ್ತೆ ಪಂಥ ಕಟ್ಟಿದರು: “ಈ ಬುಧವಾರ ನೀ ಅಡಿಗಿ ಮಾಡು. ನಿಮ್ಮ ಮಾವ ಎರಡನೇ ಸಲ ತಾಟಿಗೆ ನೀಡಿಸಿಕೊಂಡ್ರ ಪ್ರತಿ ಬುಧವಾರ ಸಂಜಿ ಒಲಿ ನಿಂದು. ಇಲ್ಲಾಂದ್ರ ವರ್ಷಗಟ್ಟಲೆ ಬಳ್ಳೊಳ್ಳಿ ಸುಲಿ.”

ನಾನೋ, ರಾಜ್ಮಾ ನೆನೆಹಾಕಲು ಮರೆತಿದ್ದೆ! ಆಗಲೇ ಏಳು ಗಂಟೆ. ನೆನೆಸದೆಯೂ ಬೇಯುವುದು ಅಲಸಂದಿ. ಡಬ್ಬಿ ಖಾಲಿ, ಮೂಲೆಯ ಗಡಿಗೆಯಲ್ಲಿ ಮಾತ್ರ ಕಾಳಿತ್ತು, ಮೈತುಂಬ ಬೂದಿ. ಅಯ್ಯೋ ಕೊಳೆ ಎಂದು ಮೂರು ನೀರಿನಲ್ಲಿ ತೊಳೆದು ಕುಕ್ಕರಿಗೆ ಹಾಕಿ ಐದು ಸೀಟಿ ಹೊಡೆಸಿದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಟೊಮೆಟೊ, ಜೀರಿಗೆ, ಬ್ಯಾಡಗಿ ಖಾರ, ಕೊನೆಗೆ ಚೂರು ಬೆಲ್ಲ. ಮುಕ್ಕಾಲು ಗಂಟೆಯಲ್ಲಿ ಮನೆಯೆಲ್ಲ ಘಮಘಮ!

ಮಾವ ಕಡಕ್ ರೊಟ್ಟಿ ಮುರಿದುಹಾಕಿ ಉಣ್ಣತೊಡಗಿದರು. ಅರ್ಧಕ್ಕೆ ಕೈ ನಿಂತಿತು. ಒಂದು ಕಾಳು ಎತ್ತಿ ನೋಡಿ, “ಯವ್ವಾ, ಇದನ್ನ ಎಲ್ಲಿಂದ ತಗದಿ?” ಎಂದರು.

ಹೇಳಿದೆ. ನನ್ನ ಗಂಡ ಸುಭಾಸನಿಗೆ ತುತ್ತು ನೆತ್ತಿಗೇರಿತು. “ಲೇ, ಅದು ಬಿತ್ತಾಕ ಇಟ್ಟ ಬೀಜ! ಹುಳಾ ಹತ್ತಬಾರದಂತ ಬೂದಿ ಕಲಸಿದ್ದು!”

ಹೋಯಿತು ನನ್ನ ಬುಧವಾರ ಎಂದುಕೊಂಡೆ. ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಮಾವ ತಾಟು ಮುಂದೆ ಸರಿಸಿದರು: “ಬಿತ್ತೂಕಿಂತ ಮೊದಲ ಬೆಳಿ ಬಂತಲ್ಲವ್ವಾ! ಅಗದಿ ಛಲೋ ಬಂದೈತಿ. ಇನ್ನೊಂದ್ ಸೌಟ ಹಾಕು.”

ಬುಧವಾರ ನನ್ನದು, ತಬಸುಮ್! ಗಡಿಗೆಯಲ್ಲಿ ಮುಕ್ಕಾಲು ಪಾಲು ಬೀಜ ಉಳಿದಿದೆ, ಬಿತ್ತನೆಗೆ ಕೊರತೆಯಿಲ್ಲ. ಅತ್ತೆ ಮಾತ್ರ ತಲೆ ಬಗ್ಗಿಸಿ ಉಣ್ಣುತ್ತಲೇ ಇದ್ದರು.

ವಾರಕ್ಕೊಂದು ಸಂಜೆಯ ಒಲೆಯೊಡತಿ,
ನಿನ್ನ ಶಾಂಭವಿ

ತಾ.ಕ.: ನಾನು ಬೂದಿ ತೊಳೆಯುವಾಗ ಅತ್ತೆ ಹಿತ್ತಲ ಬಾಗಿಲಲ್ಲೇ ನಿಂತು ನೋಡುತ್ತಿದ್ದರಂತೆ! ಯಾಕೆ ತಡೆಯಲಿಲ್ಲ ಎಂದು ಇವತ್ತು ಕೇಳಿದೆ. ಪಿಸುಗುಟ್ಟಿದರು: “ನಾ ಬಂದ ವರ್ಷ ಬಿತ್ತಾಕ ಇಟ್ಟ ಶೇಂಗಾ ಹುರದು ಚಟ್ನಿ ಕುಟ್ಟಿದ್ನಿ. ನಮ್ಮತ್ತಿ ಎರಡು ವರ್ಷ ಒಲಿ ಮುಟ್ಟಗೊಡಲಿಲ್ಲ. ಅವತ್ತೂ ನಿಮ್ಮ ಮಾವ ಎರಡು ಸಲ ನೀಡಿಸಿಕೊಂಡಿದ್ರು.”