ದನಿ ಹೋದ ಮೇಲೆ ಉರುಮೆ ಹಿಡಿದವರಿಗೆ

ಅತ್ತೇ,

ನಾನು ಮದುವೆಯಾಗಿ ಬಿ.ದುರ್ಗದ ನಿಮ್ಮ ಮನೆಗೆ ಬಂದ ಹೊಸತು. ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಾ ನನ್ನಷ್ಟಕ್ಕೆ ಏನೋ ಗುನುಗುತ್ತಿದ್ದೆ. ನೀವು ಬಂದು ಹಿಂದೆ ನಿಂತಿದ್ದು ಗೊತ್ತೇ ಆಗಲಿಲ್ಲ. ಬೈಗುಳ ಬಿತ್ತು ಅಂದುಕೊಂಡು ಬೂದಿಗೈಯಲ್ಲೇ ಎದ್ದು ನಿಂತೆ. ನೀವು, "ಯಾಕವ್ವ ನಿಲ್ಲಿಸ್ದೆ? ಕೊನೇಗೆ ದನಿ ಇಳಿಸ್ಬ್ಯಾಡ, ಹಂಗೇ ಎಳಿ. ಬೇಗ ಕೈ ತೊಳ್ಕ, ಹೊಸದುರ್ಗದಾಗೆ ಮದುವಿ ಐತೆ, ಹೋಗಾಣ" ಅಂದಿರಿ. ಸೊಸೆಯ ಮುದ್ದೆ ಸಾರಿಗೆ ಪರೀಕ್ಷೆ ಇಡುವ ಅತ್ತೆಯರ ಕಥೆ ಕೇಳಿಕೊಂಡೇ ಬೆಳೆದವಳು ನಾನು. ಸೊಸೆಯ ದನಿ ಹಿಡಿದುಕೊಂಡು ಬಸ್ಸು ಹತ್ತಿಸುವ ಅತ್ತೆ ಇರುತ್ತಾಳೆಂದು ಯಾರು ಹೇಳಿದ್ದರು?

ಆ ಮದುವೆಯಲ್ಲಿ ನಿಮ್ಮ ಸೋಬಾನೆ ತಂಡದ ಹಿಂದೆ ಕೂತು ಮೊದಲ ಸಲ ನಿಮ್ಮ ದನಿ ಕೇಳಿದೆ. ನೀವು ಒಂದು ಸಾಲು ಎತ್ತಿದರೆ ಒಲೆ ಮುಂದಿನ ಅಡುಗೆಯವರೂ ಸೌಟು ನಿಲ್ಲಿಸುತ್ತಿದ್ದರು. ಮದುಮಗಳ ಹೆಸರು, ಅವಳ ತವರಿನ ಹಳ್ಳ, ಮನೆಯ ಎಮ್ಮೆಯ ಹೆಸರನ್ನೂ ಬಿಡದೆ ನಿಂತ ನಿಲುವಿನಲ್ಲೇ ಪದ ಕಟ್ಟುತ್ತಿದ್ದಿರಿ. ಓದು ಬರಹ ಕಲಿತ ನಾನು ನಿಮ್ಮ ಬಾಯಿಂದ ಬಂದ ಸಾಲು ಹಿಡಿದು ಹಿಂದೆ ಹಿಂದೆ ಬರುತ್ತಿದ್ದೆ, ಕರುವಿನ ಹಾಗೆ. ಎಷ್ಟು ಊರು ಸುತ್ತಿದೆವು ಅತ್ತೆ! ಒಮ್ಮೆ ಹಿರಿಯೂರಿಗೆ ಹೋಗಬೇಕಾದವರು ಮಾತಿನ ಭರದಲ್ಲಿ ಬೇರೆ ಬಸ್ಸು ಹತ್ತಿ...

ದಾವಣಗೆರೆಯಿಂದ ವಾಪಸು ಬಂದ ದಿನ ನೆನಪಿದೆ. ಗಂಟಲಿನ ಗಡ್ಡೆಗೆ ಆಪರೇಷನ್ ಆಗಿತ್ತು. ದನಿ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ನಾವು ಜೀವ ಉಳಿದರೆ ಸಾಕು ಎಂದಿದ್ದೆವು. ನೀವು ಅಂಗಳದಲ್ಲಿ ಇಳಿದು ಕೊಟ್ಟಿಗೆಯ ಎಮ್ಮೆಯನ್ನು ಕರೆದಿರಿ. ಬರೀ ಉಸಿರು ಬಂತು. ಎಮ್ಮೆ ತಲೆ ಎತ್ತಲಿಲ್ಲ. ಅವತ್ತಿನಿಂದ ನೀವು ಜಗಲಿಗೂ ಬರದಾದಿರಿ. ತಂಡದ ಹೆಂಗಸರು ಒಂದಷ್ಟು ದಿನ ಬಂದು ನಿಮ್ಮ ಮುಖ ನೋಡಿ ಅತ್ತು ಹೋದರು, ಆಮೇಲೆ ಬರುವುದನ್ನೇ ಬಿಟ್ಟರು. "ನೀನೇ ಎತ್ತು" ಎಂದು ನನಗೆ ಸನ್ನೆ ಮಾಡಿದಿರಿ. ನಿಮ್ಮೆದುರು ನನಗೆ ಬಾಯಿ ಬರಲಿಲ್ಲ. ಹೇಗೆ ಬರಬೇಕಿತ್ತು?

ಆಮೇಲೆ ಒಂದು ಮಧ್ಯಾಹ್ನ ಬೀದಿಯಲ್ಲಿ ಯಾವುದೋ ಮೆರವಣಿಗೆ ಹೋಯಿತು. ಮುಂದೆ ಆಚೆ ಕೇರಿಯ ಹನುಮಂತಪ್ಪ ಉರುಮೆ ಬಾರಿಸುತ್ತಿದ್ದ. ಒಂದು ಮುಖಕ್ಕೆ ಕೋಲಿನಿಂದ ಹೊಡೆತ, ಇನ್ನೊಂದು ಮುಖಕ್ಕೆ ಬಾಗಿದ ಕೋಲಿನಿಂದ ಉಜ್ಜು. ಉಜ್ಜಿದಾಗ ಅದು ಥೇಟ್ ಮನುಷ್ಯರ ಹಾಗೆ ಒಳಗಿಂದ ಹೂಂಗುಡುತ್ತದೆ. ನೀವು ಬಾಗಿಲಿಗೆ ಬಂದು ನಿಂತಿರಿ. ಮೆರವಣಿಗೆ ತಿರುವು ದಾಟಿದರೂ ನಿಂತೇ ಇದ್ದಿರಿ. ಮರುದಿನ ಬೆಳಿಗ್ಗೆ ನನ್ನ ಕೈ ಹಿಡಿದು ಅವನ ಮನೆಗೆ ನಡೆದಿರಿ.

ಹನುಮಂತಪ್ಪನ ಗಾಬರಿಬಿದ್ದ ಮುಖ ಈಗಲೂ ಕಣ್ಣಿಗೆ ಕಟ್ಟಿದೆ. "ಅಮ್ಮಾರೇ, ನಮ್ ಕೇರಿ ವಾದ್ಯ ಇದು. ನೀವು ಮುಟ್ಟಿದ್ರೆ ನಿಮ್ಮೋರು ಸುಮ್ಕಿರ್ತಾರಾ? ಆಮ್ಯಾಲೆ ನನ್ ಮ್ಯಾಲೆ ಬರ್ತಾರೆ" ಅಂದ. ನೀವು ಉಸಿರಿನಲ್ಲೇ ಹೇಳಿದ್ದನ್ನು ನಾನು ಅವನಿಗೆ ಜೋರಾಗಿ ಹೇಳಿದೆ: "ತೊಗಲು ಆಡಿಂದು, ಕೋಲು ಮರದ್ದು, ಬಾರ್ಸೋ ಕೈ ನಂದು. ಇದ್ರಾಗೆ ಜಾತಿ ಎಲ್ಲೈತೆ ತೋರ್ಸು." ಅವನು ಚಾಪೆ ಹಾಸಿ, "ಕುಂತ್ಕಳ್ರಿ" ಅಂದ.

ನೀವು ಕಲಿತ ಆ ಬೇಸಿಗೆ! ಕೈಯಲ್ಲಿ ಬೊಬ್ಬೆ ಎದ್ದು ಒಡೆದು ಮತ್ತೆ ಎದ್ದವು. ನಿಮ್ಮ ಮಗ ಅಸಮಾಧಾನದಿಂದ, "ಅವ್ವಾ, ಊರಾಗೆ ತಲಿ ಎತ್ತಂಗಿಲ್ಲ" ಅಂದಾಗ ನೀವು ಅವರ ಮುಖ ನೋಡುತ್ತಲೇ ಉಜ್ಜಿದಿರಿ. ಉರುಮೆ ಎಷ್ಟು ಗಡುಸಾಗಿ ಹೂಂಗುಟ್ಟಿತೆಂದರೆ ಅವರಿಗೇ ನಗು ಬಂತು. ಮಳೆ ಹಿಡಿಯುವ ಹೊತ್ತಿಗೆ ನನ್ನನ್ನು ಎದುರು ಕೂರಿಸಿಕೊಂಡು ನಾನು ಹಾಡಲೇಬೇಕಾದ ಹಾಗೆ ಬಾರಿಸತೊಡಗಿದಿರಿ. ನನ್ನ ದನಿ ಎಲ್ಲಿ ಇಳಿಯುತ್ತದೋ ಅಲ್ಲಿ ಸರಿಯಾಗಿ ಉಜ್ಜು ಎಳೆದು ಎತ್ತಿಬಿಡುತ್ತಿದ್ದಿರಿ. ತಂಡದವರು ಒಬ್ಬೊಬ್ಬರೇ ವಾಪಸು ಬಂದರು. ಇಬ್ಬರು ಬರಲೇ ಇಲ್ಲ, ಅದೂ ನಿಜ.

ಆದಿವಾಲದ ಮದುವೆಯನ್ನು ಮರೆಯಲಾದೀತೆ? ನೀವೂ ಹನುಮಂತಪ್ಪನೂ ಉರುಮೆ ಹೊತ್ತು ಚಪ್ಪರದ ಬಾಗಿಲಿಗೆ ಬಂದಾಗ ಮದುಮಗಳ ದೊಡ್ಡಪ್ಪ ಅಡ್ಡ ಕೈ ಹಿಡಿದ. "ಸೋಬಾನೆಯೋರು ಒಳಗ್ ಬರ್ರಿ. ಆ ವಾದ್ಯ, ಆ ಮನುಷ್ಯ ಹೊರಗಿರ್ಲಿ." ಹನುಮಂತಪ್ಪ ಅಭ್ಯಾಸವಿದ್ದವನ ಹಾಗೆ ಆಗಲೇ ಹಿಂದೆ ಸರಿಯುತ್ತಿದ್ದ. ನೀವು ಅವನ ಪಕ್ಕ ಹೋಗಿ ನಿಂತಿರಿ. ಜಗಳವಿಲ್ಲ, ಸನ್ನೆಯಿಲ್ಲ. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಮ್ಮ ಹಿಂದೆ ನಿಂತೆವು, ಬಿಸಿಲಲ್ಲಿ. ನೀವು ಬಾರಿಸಿದಿರಿ, ನಾನು ಎತ್ತಿದೆ. ಮೊದಲ ಪದ ಮುಗಿಯುವವರೆಗೆ ಯಾರೂ ಈಚೆ ಬರಲಿಲ್ಲ. ಎರಡನೆಯದಕ್ಕೆ ಮದುಮಗಳ ಅಜ್ಜಿ ಕುರ್ಚಿಯೊಂದನ್ನು ಎಳೆದುಕೊಂಡು ಹೊರಗೆ ಬಂದು ನಮ್ಮೆದುರು ಕೂತಳು. "ಲೇ, ಆ ಹುಡುಗೀನ ಇಲ್ಲಿಗೇ ಕರ್ಕಂಬಾರ್ಲೇ, ಅರಿಶಿಣ ಇಲ್ಲೇ ಹಚ್ಚಾಣ" ಎಂದು ಒಳಗೆ ಕೂಗಿದಳು. ಅರಿಶಿಣ ಶಾಸ್ತ್ರ ಬೇವಿನ ಮರದ ಕೆಳಗೇ ಆಯಿತು. ದೊಡ್ಡಪ್ಪ ಮಾತ್ರ ಕೊನೆಯವರೆಗೂ ಚಪ್ಪರದೊಳಗೇ ಇದ್ದ. ಬಸ್ಸಿನಲ್ಲಿ ನೀವು ನನ್ನ ಭುಜಕ್ಕೆ ತಲೆ ಇಟ್ಟು ನಿದ್ದೆ ಹೋದಿರಿ, ಏನೂ ದೊಡ್ಡದು ಮಾಡೇ ಇಲ್ಲ ಎನ್ನುವ ಹಾಗೆ.

ನೀವು ಹೋದ ದಿನದ್ದನ್ನು ನಿಮಗೆ ಯಾರು ಹೇಳಬೇಕು, ನಾನೇ ಹೇಳುತ್ತೇನೆ. ಶೇಂಗಾ ಬಿಡಿಸುತ್ತಾ ಕೂತವರು ಹಾಗೇ ಗೋಡೆಗೆ ಒರಗಿದಿರಿ. ಹೃದಯ ನಿಂತಿತ್ತು. ಮೆರವಣಿಗೆಗೆ ಹನುಮಂತಪ್ಪ ಬಂದ. ನಿಮ್ಮ ಕೈ ನೋಡಿ ಅಷ್ಟಿಷ್ಟು ಬಾರಿಸಲು ಕಲಿತಿದ್ದ ನಾನು ನಿಮ್ಮ ಉರುಮೆ ಕೊರಳಿಗೆ ಹಾಕಿಕೊಂಡೆ. ಬೇಡ ಎಂದವರಿಗೆ ನಿಮ್ಮ ಮಗನೇ, "ಬಾರಿಸ್ಲಿ ಬಿಡ್ರಿ, ಅವ್ವನ ಸೊಸೆ" ಎಂದರು. ಬೀದಿ ತಿರುವಿನಲ್ಲಿ ನಾನು ತಾಳ ತಪ್ಪಿದೆ. ಹನುಮಂತಪ್ಪ ತನ್ನ ತಾಳವನ್ನೂ ತಪ್ಪಿಸಿಕೊಂಡು ನನ್ನ ಜೊತೆ ಸೇರಿಕೊಂಡ. ಊರಾಚೆಯವರೆಗೂ ಹಾಗೇ ನಡೆದೆವು, ಇಬ್ಬರೂ ತಪ್ಪಾಗಿ, ಒಟ್ಟಾಗಿ.

ಈಗ ಸುದ್ದಿ. ಹನುಮಂತಪ್ಪನ ಸೊಸೆ ಶಾರದ ನಮ್ಮ ತಂಡ ಸೇರಿದ್ದಾಳೆ. ನೀವಿದ್ದಾಗ ಅವಳು ಮಾವನಿಗೆ ಊಟ ತಂದುಕೊಟ್ಟು ಗೋಡೆ ಮರೆಯಲ್ಲಿ ನಿಂತು ಕೇಳುತ್ತಿದ್ದಳಂತೆ, ನಮಗೆ ಗೊತ್ತೇ ಇರಲಿಲ್ಲ. ಮೊನ್ನೆ ಹೊಳಲ್ಕೆರೆಯ ಮದುವೆಯಲ್ಲಿ ನನಗೆ ಗಂಟಲು ಕಟ್ಟಿತ್ತು. "ಅಕ್ಕಾ, ನಾ ಎತ್ಲಾ?" ಅಂದಳು. ಎತ್ತಿದಳು. ಅತ್ತೇ, ನನ್ನದಕ್ಕಿಂತ ಒಳ್ಳೆಯ ದನಿ, ಹೊಟ್ಟೆಕಿಚ್ಚಿಲ್ಲದೆ ಹೇಳುತ್ತಿದ್ದೇನೆ. ಶಾಸ್ತ್ರ ಮುಗಿದ ಮೇಲೆ ಮದುಮಗಳ ತಾಯಿ ಅರಿಶಿಣ ಕುಂಕುಮದ ತಟ್ಟೆ ಹಿಡಿದು ಚಪ್ಪರದ ನಡುವೆ ನಮ್ಮ ಸಾಲಿಗೆ ಬಂದಳು. ಶಾರದ ಪದ್ಧತಿಯಂತೆ ಹಿಂದೆ ಸರಿದು ನನ್ನ ಬೆನ್ನಿಗೆ ನಿಂತಳು. ಆ ತಾಯಿ ನನ್ನನ್ನು ದಾಟಿ ಹೋಗಿ, "ಮೊದ್ಲು ಹಾಡ್ದೋರಿಗೆ ಮೊದ್ಲು" ಎಂದು ಅವಳ ಹಣೆಗೆ ಕುಂಕುಮ ಇಟ್ಟಳು.

ನಿಮ್ಮ ಸೊಸೆ,
ಮಂಜುಳ